ಕೈ ಬಂತಾ ಎಂದು ಕೇಳದವನು

ನಮ್ಮ ಭಾವನ ಬಲಗೈಯಲ್ಲಿ ಮೂರೇ ಬೆರಳು. ತೋರುಬೆರಳೂ ಅದರ ಪಕ್ಕದ್ದೂ ಇಲ್ಲ. ಹಾಗಂತ ಯಾರೂ ಅಯ್ಯೋ ಪಾಪ ಅನ್ನಬೇಕಿಲ್ಲ. ಆ ಕೈಯಲ್ಲೇ ಅವರು ಸೂಜಿಗೆ ದಾರ ಪೋಣಿಸುತ್ತಾರೆ, ಮನೆಯ ನಲ್ಲಿ ರಿಪೇರಿ ಮಾಡುತ್ತಾರೆ, ಅಕ್ಕ ಬೈದಾಗ ಅದೇ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಾರೆ. ಮೂರು ಬೆರಳಿನ ಸಂದಿಯಲ್ಲಿ ಬೈಗುಳ ಎಲ್ಲಾ ಒಳಗೆ ಹೋಗುತ್ತೆ ಎಂದು ಅಕ್ಕ ಇನ್ನಷ್ಟು ಬೈಯುತ್ತಾಳೆ.

ಭಾವ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿಭಾಗದಲ್ಲಿ ವರ್ಕ್‌ಶಾಪ್ ಮೆಕ್ಯಾನಿಕ್. ನಾನು ಅದೇ ವಿಭಾಗದ ಆಫೀಸಿನಲ್ಲಿ ಗುಮಾಸ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರೂ ನನ್ನನ್ನು 'ಮೂರು ಬೆರಳಿನ ಮೇಷ್ಟ್ರ ನಾದಿನಿ' ಎಂದೇ ಗುರುತಿಸುತ್ತಿದ್ದರು. ಭಾವ ಮೇಷ್ಟ್ರೇನೂ ಅಲ್ಲ. ಆದರೆ ಹುಡುಗರಿಗೆ ಅರ, ಸುತ್ತಿಗೆ, ಲೇತ್ ಹಿಡಿಯಲು ಕಲಿಸುವುದು ಅವರೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

ನಮ್ಮ ವಿಭಾಗದ ಮುಖ್ಯಸ್ಥನಿಗೂ ವರ್ಕ್‌ಶಾಪಿನವರು ಒಂದು ಹೆಸರಿಟ್ಟಿದ್ದಾರೆ: ಇಸ್ತ್ರಿ ಸಾಹೇಬ. ಕುರ್ಚಿಯಲ್ಲಿ ಕೂತರೂ ಎದ್ದರೂ ಅಂಗಿ ಸುಕ್ಕಾಗದು. ಅವನನ್ನು ನಾನಿಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಆಫೀಸಿನಲ್ಲಿ ದಿನಾ ಬಹುವಚನ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ.

ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇದೆ. ಲೇತ್ ಅಂದರೆ ಕಬ್ಬಿಣದ ಸರಳನ್ನು ಗರಗರ ತಿರುಗಿಸಿ ಕಡೆಯುವ ಯಂತ್ರ; ಅದರ ಮುಂಭಾಗದಲ್ಲಿ ಚಕ್ ಎಂಬ ದಪ್ಪ ಕಬ್ಬಿಣದ ಹಿಡಿ ಇರುತ್ತದೆ. ಕಡೆಯಬೇಕಾದ ಸರಳನ್ನು ಅದಕ್ಕೆ ಸಿಕ್ಕಿಸಿ, ಒಂದು ದೊಡ್ಡ ಕೀ ಹಾಕಿ ಬಿಗಿ ಮಾಡಬೇಕು. ದೊಡ್ಡ ಹಳೇ ಲೇತಿನ ಮೇಲೆ ಈ ಕೆಲಸಕ್ಕೆ ಇಬ್ಬರು: ಒಬ್ಬ ಕೀ ತಿರುಗಿಸುವವನು, ಇನ್ನೊಬ್ಬ ಸ್ವಿಚ್ ಹತ್ತಿರ ನಿಲ್ಲುವವನು. ಸ್ವಿಚ್ಚಿನವನು "ಕೈ ಬಂತಾ?" ಎಂದು ಕೇಳಬೇಕು. ಕೀ ತೆಗೆದು, ಕೈ ಹಿಂದಕ್ಕೆ ತಂದ ಮೇಲೆ ಆಚೆಯವನು "ಬಂತು" ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಗುಂಡಿ ಒತ್ತುವುದು. ಕಣ್ಣಿಗೆ ಕಂಡರೂ ಸಾಲದು, ಆಚೆಯವನ ಬಾಯಿಂದ ಕೇಳಿಸಿಕೊಳ್ಳಬೇಕು.

ಈ ಪದ್ಧತಿಯನ್ನು ಭಾವ ಮನೆಗೂ ತಂದರು. ಮಿಕ್ಸಿ ಹಾಕುವ ಮುಂಚೆ, ಬಾಗಿಲು ಮುಚ್ಚುವ ಮುಂಚೆ, ಹೊಲಿಗೆ ಯಂತ್ರ ತುಳಿಯುವ ಮುಂಚೆ ಯಾರಾದರೂ "ಕೈ ಬಂತಾ?" ಅನ್ನಲೇಬೇಕು. ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ಇದ್ದರೂ ತನಗೆ ತಾನೇ ಕೇಳಿಕೊಂಡು ತಾನೇ ಉತ್ತರ ಹೇಳಿ ಮಿಕ್ಸಿ ಹಾಕುತ್ತಾಳೆ. ಮನೆಗೆ ಬಂದ ನೆಂಟರು ಇವಳಿಗೇನೋ ಆಗಿದೆ ಅಂದುಕೊಂಡದ್ದೂ ಉಂಟು. ಅವರ ಮಗಳು, ನಮ್ಮ ಪುಟ್ಟಿ, ಆಟದ ಪೆಟ್ಟಿಗೆ ಮುಚ್ಚುವಾಗಲೂ ಗೊಂಬೆಯನ್ನು ಕೈ ಬಂತಾ ಎಂದು ಕೇಳುತ್ತಿದ್ದಳು.

ಬೆರಳು ಹೋದದ್ದು ಹೇಗೆ ಎಂದು ಪುಟ್ಟಿ ಕೇಳಿದಾಗಲೆಲ್ಲ ಭಾವ "ಮೆಷಿನ್‌ಗೆ ಹಸಿವಾಗಿತ್ತು, ಕೊಟ್ಟೆ" ಎಂದು ನಗಿಸಿಬಿಡುತ್ತಿದ್ದರು. ವಿಭಾಗದಲ್ಲಿ ಹೇಳುವ ಕಥೆ ಬೇರೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದ ದಿನ ಅವರನ್ನು ವರ್ಕ್‌ಶಾಪಿಗೆ ಕರೆತರುತ್ತಾರೆ. ಭಾವ ಆ ಹಳೇ ಲೇತಿನ ಪಕ್ಕ ನಿಂತು ಬಲಗೈ ಎತ್ತಿ, "ನೋಡ್ರಪ್ಪಾ, ಕೈ ಬರೋ ಮುಂಚೆ ಬಂತು ಅಂದ್ಬಿಟ್ಟೆ. ನನ್ನದೇ ತಪ್ಪು. ನೀವು ಹಾಗೆ ಮಾಡಬೇಡಿ" ಎನ್ನುತ್ತಾರೆ. ಹುಡುಗರು ಉಗುಳು ನುಂಗುತ್ತಾರೆ. ಆಮೇಲೆ ಯಾರೂ ತಂಟೆ ಮಾಡುವುದಿಲ್ಲ.

ನಾನೂ ಅದನ್ನೇ ನಂಬಿದ್ದೆ. ಅಕ್ಕನೂ ನಂಬಿದ್ದಳು. ಆ ಒಂದು ತಪ್ಪಿಗಾಗಿ ಭಾವನಿಗೆ ಫೋರ್‌ಮನ್ ಹುದ್ದೆ ಕೈತಪ್ಪಿತು. ಅವರ ನಂತರ ಬಂದವರು ಅವರ ಮೇಲಿನವರಾದರು. ಕೋಪ ಬಂದಾಗ ಅಕ್ಕ, "ನಾಲಿಗೆ ಹಿಡಿತದಲ್ಲಿ ಇಟ್ಕೊಂಡಿದ್ರೆ ಬೆರಳೂ ಇರೋದು, ಹುದ್ದೆಯೂ ಇರೋದು" ಎಂದು ಚುಚ್ಚುತ್ತಿದ್ದಳು. ಭಾವ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಈ ವರ್ಷ ಪುಟ್ಟಿಗೆ ನಮ್ಮದೇ ವಿಭಾಗದಲ್ಲಿ ಸೀಟು ಸಿಕ್ಕಿತು. ಸ್ವಂತ ಓದಿನಿಂದ, ಯಾರ ಶಿಫಾರಸೂ ಇಲ್ಲದೆ. ಭಾವ ಸಂತೋಷದಿಂದ ಇಡೀ ವರ್ಕ್‌ಶಾಪಿಗೆ ಟೀ ಕೊಡಿಸಿದರು. ಆದರೆ ಎರಡೇ ದಿನಕ್ಕೆ ಮುಖ ಸಪ್ಪಗಾಯಿತು. ಸಂಜೆ ಮನೆಗೆ ಹೋದಾಗ ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು, ಪುಟ್ಟಿ ಹೊರಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಬಾಯಿಬಿಟ್ಟರು.

"ನಾನು ಬಂತು ಅಂದಿರಲಿಲ್ಲ," ಅಂದರು. "ಅವನು ಕೇಳಲೇ ಇಲ್ಲ."

ಅವನು ಅಂದರೆ ಇಸ್ತ್ರಿ ಸಾಹೇಬ. ಆಗ ಅವನಿನ್ನೂ ಸಾಹೇಬನಲ್ಲ, ತಾತ್ಕಾಲಿಕ ಮೇಷ್ಟ್ರು. ಭಾವನೂ ಅವನೂ ಒಂದೇ ಬಾಡಿಗೆ ಕೋಣೆಯಲ್ಲಿ ಇದ್ದವರು, ಒಂದೇ ತಟ್ಟೆಯಲ್ಲಿ ಉಂಡವರು. ಅವತ್ತು ಸ್ವಿಚ್ ಹತ್ತಿರ ನಿಂತು, ಕಿಟಕಿಯಾಚೆ ಯಾರ ಜೊತೆಗೋ ಮಾತಾಡುತ್ತಾ, ಕೇಳದೆ ಗುಂಡಿ ಒತ್ತಿದ. ಕೀ ಚಕ್ಕಿನಲ್ಲೇ ಇತ್ತು, ಭಾವನ ಕೈ ಕೀಯ ಮೇಲಿತ್ತು. ಚಕ್ ತಿರುಗಿ, ಕೀಗೂ ಲೇತಿನ ಕಬ್ಬಿಣಕ್ಕೂ ನಡುವೆ ಬೆರಳು ಜಜ್ಜಿಹೋಯಿತು. ಆಸ್ಪತ್ರೆಯಲ್ಲಿ ಅವನು ಭಾವನ ಕಾಲು ಹಿಡಿದು ಅತ್ತ. ಕೆಲಸ ಕಾಯಂ ಆಗುವ ಹೊತ್ತು, ಈಗ ಇದು ಹೊರಗೆ ಬಂದರೆ ನಾನು ಬೀದಿಪಾಲು, ನೀನು ಬಾಯಿತಪ್ಪಿ ಬಂತು ಅಂದೆ ಅನ್ನು, ನಾನು ಕಾಯಂ ಆದ ಮರುದಿನವೇ ಹೋಗಿ ನಿಜ ಹೇಳುತ್ತೇನೆ ಎಂದ. ವಿಚಾರಣೆಗೆ ಬಂದವರೆದುರು ಭಾವ ಹಾಗೆಯೇ ಹೇಳಿದರು.

ಆ ಮರುದಿನ ಇವತ್ತಿಗೂ ಬಂದಿಲ್ಲ.

 ಅಕ್ಕ, "ಇಷ್ಟು ವರ್ಷ ನಾನು ನಿಮ್ಮನ್ನ ಚುಚ್ಚುವಾಗ ಸುಮ್ನೆ ಕೂತಿದ್ರಲ್ರೀ. ಅವನಿಗೋಸ್ಕರ ನನಗೂ ಸುಳ್ಳು ಹೇಳಿದ್ರಾ?" ಅಂದಳು. ಬೈಯುವ ದನಿಯಲ್ಲ ಅದು. ಬೈದಿದ್ದರೆ ಚೆನ್ನಾಗಿತ್ತು.

ಭಾವ ತಲೆ ತಗ್ಗಿಸಿಯೇ ಉಳಿದ ಕಥೆ ಹೇಳಿದರು. ಬೇರೆ ಹುಡುಗರೆದುರು ನನ್ನದೇ ತಪ್ಪು ಅನ್ನುವುದು ರೂಢಿಯಾಗಿಹೋಗಿದೆ, ಆದರೆ ಮಗಳೆದುರು ಆಗದು ಅನ್ನಿಸಿತಂತೆ. ನೇರ ಅವನ ಕೋಣೆಗೆ ಹೋಗಿ, ಈ ವರ್ಷ ಆ ಕಥೆ ಬೇಡ, ಅಥವಾ ನಿಜ ಹೇಳು ಅಂದರಂತೆ. ಅವನು ಎದ್ದು ಬಂದು ಹೆಗಲ ಮೇಲೆ ಕೈಹಾಕಿ, "ಬೇಡ ಯಾಕೆ? ನಾನೇ ಹೇಳ್ತೀನಿ ಕಣೋ. ಎಲ್ಲರೆದುರು ಹೇಳ್ತೀನಿ. ನಿನ್ನ ಮಗಳು ಕೇಳಲಿ. ಈ ಭಾರ ನನಗೂ ಸಾಕಾಗಿದೆ. ನೀನು ಮುಂದಿನ ಸಾಲಲ್ಲಿ ಕೂತ್ಕೋ" ಅಂದನಂತೆ.

"ಪುಟ್ಟಿಗೆ ನೀವಿಬ್ರೂ ಏನೂ ಹೇಳಬೇಡಿ," ಅಂದರು ಭಾವ. "ನಾನು ಹೇಳಿದ್ರೆ ನನ್ನ ಹೊಗಳಿಕೆ ನಾನೇ ಮಾಡ್ಕೊಂಡ ಹಾಗೆ. ಅವನ ಬಾಯಿಂದಲೇ ಬರಲಿ."

ಇಷ್ಟು ಹೇಳುವಾಗ ಆ ಮುಖದಲ್ಲಿ ಎಂಥ ಗೆಲುವು! ಮೋಸ ಹೋದ ಮನುಷ್ಯ ಇನ್ನೊಮ್ಮೆ ನಂಬಲು ಹೊರಟಾಗ ಯಾಕೆ ಅಷ್ಟು ಖುಷಿಯಾಗಿರುತ್ತಾನೋ ನನಗೆ ತಿಳಿಯದು. ನನಗಂತೂ ಅನುಮಾನ ಇತ್ತು. ಆದರೆ ಅಕ್ಕ ಕಣ್ಣೊರೆಸಿಕೊಂಡು ಭಾವನ ಒಳ್ಳೆಯ ಅಂಗಿ ಹುಡುಕಲು ಎದ್ದಾಗಿತ್ತು.

ಕಾರ್ಯಕ್ರಮದ ದಿನ ಕುರ್ಚಿ ಹಾಕಿಸುವುದರಿಂದ ಹಿಡಿದು ಮೈಕ್ ತಟ್ಟಿ ನೋಡುವವರೆಗೆ ಎಲ್ಲ ನನ್ನ ತಲೆಯ ಮೇಲೆಯೇ ಇತ್ತು. ಹೊಸ ವಿದ್ಯಾರ್ಥಿಗಳು ಕೊರಳಿಗೆ ಬ್ಯಾಡ್ಜ್ ನೇತುಹಾಕಿಕೊಂಡು ಬಂದರು. ಹಿಂದೆ ತಂದೆತಾಯಂದಿರು, ಪಕ್ಕದ ಗೋಡೆಯ ಹತ್ತಿರ ಅಕ್ಕನೂ ನಾನೂ. ಮೊದಲ ಸಾಲಿನ ಒಂದು ತುದಿಯಲ್ಲಿ ಭಾವ, ಇನ್ನೊಂದು ತುದಿಯಲ್ಲಿ ಕುಲಪತಿಗಳು. ಕುಲಪತಿಗಳು ಬರುತ್ತಾರೆಂದು ಗೊತ್ತಾದದ್ದು ಹಿಂದಿನ ದಿನ. ಡೀನ್ ಹುದ್ದೆ ಖಾಲಿಯಾಗಿದೆ, ಇಸ್ತ್ರಿ ಸಾಹೇಬನ ಕಣ್ಣು ಅದರ ಮೇಲಿದೆ ಎಂಬುದು ಮಾತ್ರ ಇಡೀ ವಿಭಾಗಕ್ಕೆ ಮೊದಲೇ ಗೊತ್ತಿತ್ತು.

ಅವನು ಮೈಕ್ ಹಿಡಿದ. ನಾಲ್ಕು ವರ್ಷ ಏನೇನು ಓದಬೇಕು, ಹಾಜರಾತಿ ಎಷ್ಟು ಬೇಕು, ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಬರಬಾರದು, ಉದ್ದ ಕೂದಲಿನವರು ಕಟ್ಟಿಕೊಂಡು ಬರಬೇಕು, ಎಲ್ಲ ಹೇಳಿದ. ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಅದು ಒಪ್ಪಬೇಕಾದ್ದೇ. ಹುಡುಗರು ನಕ್ಕರು, ತಂದೆತಾಯಂದಿರು ತಲೆದೂಗಿದರು. ಆಮೇಲೆ ದನಿ ತಗ್ಗಿಸಿ, "ಈಗ ನನ್ನ ಜೀವದ ಗೆಳೆಯನೊಬ್ಬನನ್ನು ವೇದಿಕೆಗೆ ಕರೆಯುತ್ತೇನೆ" ಎಂದ. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಭಾವ ಮೆಟ್ಟಿಲು ಹತ್ತಿ ಹೋದರು.

ಇಸ್ತ್ರಿ ಸಾಹೇಬ ಅವರ ಬಲಗೈಯ ಮಣಿಕಟ್ಟು ಹಿಡಿದು, ಎಲ್ಲರಿಗೂ ಕಾಣುವಂತೆ ಮೇಲೆತ್ತಿದ. ಅಂಗಡಿಯವನು ಸಾಮಾನು ಎತ್ತಿ ತೋರಿಸುತ್ತಾನಲ್ಲ, ಹಾಗೆ.

"ನೋಡಿ ಮಕ್ಕಳೇ, ಈ ಕೈ. ಒಂದು ಕ್ಷಣದ ಅಜಾಗರೂಕತೆ. ಕೈ ಬರುವ ಮುಂಚೆ ಇವರು ಬಂತು ಅಂದ್ಬಿಟ್ರು. ನಾನೇ ಸ್ವಿಚ್ ಹತ್ತಿರ ಇದ್ದೆ. ಇವರ ಮಾತು ನಂಬಿ ಒತ್ತಿದೆ. ಕಿರುಚಿದ್ದು ಕೇಳಿದ ತಕ್ಷಣ ಮೆಷಿನ್ ನಿಲ್ಲಿಸಿ, ಇವರನ್ನ ಎತ್ಕೊಂಡೇ ಆಸ್ಪತ್ರೆಗೆ ಓಡಿದೆ. ಇಲ್ಲದಿದ್ರೆ ಇಡೀ ಕೈ ಹೋಗ್ತಿತ್ತು, ಅಲ್ವೇನಪ್ಪಾ?"

ಭಾವ ತಲೆಯಾಡಿಸಿದರು.

ನಾನು ಕಣ್ಣಾರೆ ನೋಡಿದೆ. ಹೌದು ಎನ್ನುವ ಹಾಗೆ ತಲೆಯಾಡಿಸಿದರು. ಇಷ್ಟು ವರ್ಷದ ರೂಢಿ ಕತ್ತಿನಲ್ಲಿ ಕೂತಿತ್ತು. ಏನಾಯಿತೆಂದು ಅರ್ಥವಾಗುವ ಮುಂಚೆಯೇ ಕತ್ತು ತನ್ನ ಕೆಲಸ ಮಾಡಿಬಿಟ್ಟಿತು. ಸಭಾಂಗಣವಿಡೀ ಚಪ್ಪಾಳೆ. ಕೈ ಉಳಿಸಿದವನಿಗೆ ಚಪ್ಪಾಳೆ. ಕುಲಪತಿಗಳೂ ತಟ್ಟಿದರು. ಮೂರನೇ ಸಾಲಿನಲ್ಲಿ ಪುಟ್ಟಿ ಮಾತ್ರ ತನ್ನ ಬ್ಯಾಡ್ಜಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದ ಹುಡುಗಿ ಅವಳನ್ನು ಏನೋ ಕೇಳಿದಳು. 

ಕಾರ್ಯಕ್ರಮ ಮುಗಿದು ಎಲ್ಲರೂ ಟೀಗೆ ಎದ್ದಾಗ ಭಾವ ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿದರು. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಎರಡು ಹೆಜ್ಜೆ ಹಿಂದೆ ಇದ್ದೆ.

"ಏನೋ ಇದು?" ಅಂದರು ಭಾವ. ಆಫೀಸಿನ ಕಾರಿಡಾರಿನಲ್ಲಿ ಅವನನ್ನು ಅವರು ಹಾಗೆ ಕರೆದದ್ದು ನಾನು ಮೊದಲ ಸಲ ಕೇಳಿದ್ದು.

ಅವನು ಅತ್ತಿತ್ತ ನೋಡಿ, "ಮೆಲ್ಲಗೆ. ಕುಲಪತಿಗಳು ಕೂತಿದ್ರಲ್ಲೋ, ಅವರೆದುರು ಹೇಗೆ ಹೇಳೋಕಾಗುತ್ತೆ? ಅರ್ಥ ಮಾಡ್ಕೋ. ಎಂದೋ ಮುಗಿದ ಮಾತು. ನೀನೂ ತಲೆ ಆಡಿಸಿದೆ, ಚೆನ್ನಾಗೇ ಆಯ್ತು" ಎಂದು ಭುಜ ತಟ್ಟಿ, ಕುಲಪತಿಗಳ ಹಿಂದೆ ನಡೆದ. ನಂಬಿಸಿ ಕತ್ತು ಕೊಯ್ದವನು ಅಂಗಿಯ ತೋಳನ್ನೂ ಮಡಚಿರಲಿಲ್ಲ. ನನಗೆ ಆ ಬಿಸ್ಕತ್ತಿನ ತಟ್ಟೆಯನ್ನು ಅವನ ಬೆನ್ನಿಗೆ ಬೀಸಬೇಕು ಅನ್ನಿಸಿತು. ಬೀಸಲಿಲ್ಲ. ತಿಂಗಳ ಸಂಬಳ ಬೇಕಲ್ಲ.

ಅಷ್ಟರಲ್ಲಿ ಪುಟ್ಟಿ ಬಂದಳು. ಅವಳ ಹಿಂದೆಯೇ ಅಕ್ಕ ಕೆಂಡದಂತಾಗಿ ಬಂದಳು.

"ಅವನು ಹೇಳಿದ್ದು ಶುದ್ಧ ಸುಳ್ಳು ಕಣೆ," ಅಂದಳು ಅಕ್ಕ. "ಕೇಳದೆ ಒತ್ತಿದ್ದು ಅವನು. ನಿಮ್ಮಪ್ಪ ಅವನನ್ನ ಉಳಿಸೋಕೆ ತಪ್ಪು ತನ್ನ ಮೇಲೆ ಹಾಕ್ಕೊಂಡ್ರು."

ಪುಟ್ಟಿ ತಂದೆಯ ಮುಖ ನೋಡಿದಳು. "ಹೌದಾ ಅಪ್ಪ?"

"ಹೌದು ಮಗಳೇ."

"ಮತ್ತೆ ಸ್ಟೇಜ್ ಮೇಲೆ ಯಾಕೆ ತಲೆ ಆಡಿಸಿದೆ?"

ಭಾವ ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು. 

"ಸೀನಿಯರ್‌ಗಳು ಹೇಳಿದ್ರು, ಪ್ರತಿ ವರ್ಷ ನೀನೇ ಹೇಳ್ತೀಯಂತೆ, ನನ್ನದೇ ತಪ್ಪು ಅಂತ. ಅವರಿಗೆಲ್ಲ ಬಾಯಿಪಾಠ ಆಗಿದೆ. ಈಗ ನಾನು ಸೇರ್ಕೊಂಡೆ ಅಂತ ಕಥೆ ಬದಲಾಯ್ತಾ?" ಅವಳು ಕೊರಳಿನ ಬ್ಯಾಡ್ಜನ್ನು ಸರಿಮಾಡಿಕೊಂಡಳು. "ತಪ್ಪು ಯಾರಿಗಾದ್ರೂ ಆಗುತ್ತಪ್ಪ. ನನಗೇನೂ ಅವಮಾನ ಇಲ್ಲ. ಆದ್ರೆ ಬೇರೆಯವರ ಮೇಲೆ ಹಾಕಬೇಡ. ಪ್ಲೀಸ್."

ಇಷ್ಟು ಹೇಳಿ ತನ್ನ ತಂಡದವರ ಜೊತೆ ಹೊರಟುಹೋದಳು. ಅಕ್ಕ ಕೂಗಿದಳು, ಅವಳು ತಿರುಗಲಿಲ್ಲ. ನಾನು ಭಾವನ ಮುಖ ನೋಡಲಾರದೆ ಗೋಡೆಯ ಕಡೆ ನೋಡಿದೆ. ಬೆರಳು ಹೋದಾಗ ಅವರು ಹೇಗಿದ್ದರೋ ನಾನು ಕಂಡಿಲ್ಲ. ಆದರೆ ಇದಕ್ಕಿಂತ ಹೆಚ್ಚು ನೊಂದಿರಲಾರರು. ಅವನು ಹೇಳಿದ ಸುಳ್ಳಿಗೆ ಇವರ ಸ್ವಂತ ಮಾತೇ ಸಾಕ್ಷಿ. ಇನ್ನು ಯಾರ ಹತ್ತಿರ ಹೋಗಿ ಏನೆಂದು ಹೇಳುವುದು?

"ವರ್ಕ್‌ಶಾಪಿಗೆ ಹುಡುಗ್ರು ಬರ್ತಾರೆ," ಎಂದರು ಭಾವ ಕೊನೆಗೆ. "ಲೇತ್ ಒರೆಸಬೇಕು." ಹೋದರು.

ಸಾಮಾನ್ಯವಾಗಿ ಇಸ್ತ್ರಿ ಸಾಹೇಬ ವರ್ಕ್‌ಶಾಪಿನ ಕಡೆ ಹಾಯುವುದಿಲ್ಲ, ಅಂಗಿಗೆ ಎಣ್ಣೆ ತಾಗುತ್ತದೆ. ಹೊಸಬರೆದುರು ಲೇತ್ ಚಾಲೂ ಮಾಡುವುದಕ್ಕೆ ಯಾರಾದರೂ ಕಿರಿಯ ಮೇಷ್ಟ್ರನ್ನು ಕಳಿಸುತ್ತಾನೆ. ಆ ದಿನ ಫೋಟೋ ತೆಗೆಯುವವನೂ ತಂದೆತಾಯಂದಿರೂ ಇದ್ದರಲ್ಲ, ತಾನೇ ಬಂದ. ಪುಟ್ಟಿಯ ತಂಡ ಲೇತಿನ ಸುತ್ತ ಅರ್ಧಚಂದ್ರಾಕಾರವಾಗಿ ನಿಂತಿತ್ತು. ಅವಳು ಸ್ವಿಚ್ಚಿನ ಮಗ್ಗುಲಲ್ಲೇ ಇದ್ದಳು. ನಾನೂ ಅಕ್ಕನೂ ಬಾಗಿಲ ಹತ್ತಿರ ನಿಂತೆವು.

ಭಾವ ಈ ಸಲ ಕೈ ಎತ್ತಿ ತೋರಿಸಲಿಲ್ಲ, ಕಥೆಯನ್ನೂ ಹೇಳಲಿಲ್ಲ. ಚಕ್ ಅಂದರೇನು, ಕೀ ಅಂದರೇನು ಎಂದಷ್ಟೇ ಹೇಳಿ, ಸರಳು ಸಿಕ್ಕಿಸಿ, ಕೀ ಹಾಕಿ ಬಿಗಿ ಮಾಡತೊಡಗಿದರು. ಇಸ್ತ್ರಿ ಸಾಹೇಬ ಸ್ವಿಚ್ ಹತ್ತಿರ ಹೋಗಿ ನಿಂತ. ಯಾರದೋ ತಂದೆ, ದೊಡ್ಡ ಕಂಪನಿಯ ಮನುಷ್ಯನಂತೆ, ಕೆಲಸ ಸಿಗುವ ವಿಷಯ ಏನೋ ಕೇಳಿದ. ಸಾಹೇಬ ಅವನ ಕಡೆ ತಿರುಗಿ ನಗುನಗುತ್ತಾ ಉತ್ತರ ಹೇಳುತ್ತಾ, ಫೋಟೋದವನಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಾ, ಕೈಚಾಚಿ ಹಸಿರು ಗುಂಡಿ ಒತ್ತಿದ.

ಟಕ್ ಎಂದಿತು.

ಕೀ ಇನ್ನೂ ಚಕ್ಕಿನಲ್ಲಿತ್ತು. ಭಾವನ ಮೂರು ಬೆರಳು ಕೀಯ ಮೇಲಿದ್ದವು.  ಅಕ್ಕ ಕಿರುಚಿಯೇಬಿಟ್ಟಳು.

ಲೇತ್ ತಿರುಗಲಿಲ್ಲ. ಗೋಡೆಯ ಮೇಲಿನ ಮೇನ್ ಸ್ವಿಚ್ ಆಫ್ ಆಗಿತ್ತು. ಆ ಹಳೇ ಅಪಘಾತದ ನಂತರ ಭಾವ ಯಾರೇ ಸ್ವಿಚ್ ಹತ್ತಿರ ನಿಂತರೂ ಮೊದಲು ಮೇನ್ ಆಫ್ ಮಾಡಿಟ್ಟು ಕೆಲಸ ಶುರುಮಾಡುತ್ತಾರೆ, ಕೈ ಹಿಂದಕ್ಕೆ ಬಂದ ಮೇಲೆ ತಾವೇ ಹಾಕುತ್ತಾರೆ. ಇಷ್ಟು ವರ್ಷ ನಾವು ಅದನ್ನು ಅವರ ಹುಚ್ಚು ಅಂದುಕೊಂಡಿದ್ದೆವು.

 ಇಸ್ತ್ರಿ ಸಾಹೇಬ ಗುಂಡಿಯ ಮೇಲಿನ ತನ್ನ ಬೆರಳನ್ನು ನೋಡಿದ. ಮುಖದ ಬಣ್ಣ ಹೋಯಿತು. ಹೋದದ್ದು ಒಂದೇ ಗಳಿಗೆ.

"ನೋಡಿದ್ರಾ?" ಎಂದು ಜೋರಾಗಿ ನಕ್ಕ. "ಬೇಕಂತಲೇ ಒತ್ತಿದೆ! ನಿಮ್ಮಲ್ಲಿ ಯಾರಾದ್ರೂ ತಡೀತೀರಾ ಅಂತ ಪರೀಕ್ಷೆ ಮಾಡಿದೆ. ಒಬ್ರೂ ತಡೀಲಿಲ್ಲ! ಇದೇ ಇವತ್ತಿನ ಮೊದಲ ಪಾಠ."

ಎಲ್ಲರೂ ಹಗುರಾಗಿ ನಕ್ಕರು. ಕಂಪನಿಯ ಮನುಷ್ಯ "ಭೇಷ್" ಅಂದ. ಚಪ್ಪಾಳೆ ಬಿತ್ತು. ಒಂದೇ ದಿನ ಎರಡನೇ ಚಪ್ಪಾಳೆ. ಭಾವ ಕೀಯ ಮೇಲಿಂದ ಕೈ ತೆಗೆಯಲಿಲ್ಲ. 

ಚಪ್ಪಾಳೆ ತಟ್ಟದವಳು ಒಬ್ಬಳಿದ್ದಳು. ಅವಳು ಸಾಹೇಬನ ಪಕ್ಕದಲ್ಲೇ ನಿಂತಿದ್ದವಳು. ಅವನ ಕಣ್ಣು ಎಲ್ಲಿತ್ತು, ಮಾತು ಯಾರ ಜೊತೆಗಿತ್ತು, ಕೈ ಹೇಗೆ ತನ್ನಷ್ಟಕ್ಕೆ ಗುಂಡಿಗೆ ಹೋಯಿತು, ಎಲ್ಲ ನೋಡಿದ್ದಳು. ಅವಳು ಗುಂಡಿ ನೋಡಿದಳು, ಆಮೇಲೆ ಅಪ್ಪನ ಕೈ ನೋಡಿದಳು. ಕೈಯನ್ನು ಬಹಳ ಹೊತ್ತು ನೋಡಿದಳು.

"ಸರ್, ಸ್ವಲ್ಪ ಆಚೆ ಸರೀರಿ," ಅಂದಳು.

"ಏನಮ್ಮಾ?"

"ನಾನು ನಿಲ್ತೀನಿ ಇಲ್ಲಿ."

ಇಸ್ತ್ರಿ ಸಾಹೇಬ ಮತ್ತೆ ನಗಲು ಹೋದ. ಅವಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. "ಭೇಷ್, ಭೇಷ್, ಮೂರು ಬೆರಳಿನ ಮೇಷ್ಟ್ರ ಮಗಳಲ್ವಾ" ಎಂದು ಜಾಗ ಬಿಟ್ಟ. ಗಡಿಯಾರ ನೋಡಿಕೊಂಡು, ಮುಂದಿನ ಲ್ಯಾಬ್ ತೋರಿಸಬೇಕು ಬನ್ನಿ ಎಂದು ತಂದೆತಾಯಂದಿರನ್ನು ಕರೆದುಕೊಂಡು ಹೊರಟ. ಫೋಟೋದವನೂ ಹಿಂದೆಯೇ ಹೋದ. ಸಾಹೇಬ ಯಾರಿಗೂ ನಿಜ ಹೇಳಲಿಲ್ಲ, ಇನ್ನು ಹೇಳುವುದೂ ಇಲ್ಲ. ಡೀನ್ ಹುದ್ದೆ ಅವನಿಗೇ ಸಿಕ್ಕಿತು.

ಉಳಿದ ಹುಡುಗರು ಏನು ಮಾಡಬೇಕೋ ತಿಳಿಯದೆ ನಿಂತರು. ಪುಟ್ಟಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ ಹಾಗೆಯೇ ಕೇಳಿದಳು.

"ಅಪ್ಪಾ, ಕೈ ಬಂತಾ?"

ಭಾವ ಕೀ ಹಿಡಿದು ತಲೆ ಬಗ್ಗಿಸಿಕೊಂಡಿದ್ದರು. ಅವರ ಭುಜ ಕುಲುಕುತ್ತಿತ್ತು. ಅಕ್ಕ ಮುಂದೆ ಹೋಗಲು ನೋಡಿದಳು, ನಾನು ತಡೆದೆ. ಇನ್ನೊಂದು ಸಲ, ಮೆಲ್ಲಗೆ, ಪುಟ್ಟಿ ಅದನ್ನೇ ಕೇಳಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಆಗಲೂ ಉತ್ತರವಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ "ಒತ್ತೇ, ಹೇಗೂ ಕರೆಂಟ್ ಇಲ್ಲ" ಅಂದ.

ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನ ಬಾಯಿಂದ ಮಾತು ಬರುವವರೆಗೆ ಅವಳ ಕೈ ಬೆನ್ನ ಹಿಂದೆಯೇ ಇತ್ತು.